ಅಮ್ಮನ ಡೇರಿ ಲೆಕ್ಕ ಮತ್ತು ಇಂಗ್ಲೆಂಡಿನ ವೀಸಾ

ಹಳ್ಳಿಯವರಿಗೆ ವಿಸಿಟರ್ ವೀಸಾ ಸಿಗೋದಿಲ್ಲ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ, ಅಪ್ಪ ಅಮ್ಮ ಒಮ್ಮೆ ಹೋಗಿ ನೋಡಿಕೊಂಡು ಬರೋಣ ಅಂತ ಹೊರಡುತ್ತಾರೆ. ತಕ್ಷಣ ಊರೆಲ್ಲ ಸಲಹೆ ಕೊಡುತ್ತದೆ. ಖಾತೆಯಲ್ಲಿ ಹತ್ತು ಲಕ್ಷ ಇರಬೇಕಂತೆ. ಇನ್‌ಕಮ್ ಟ್ಯಾಕ್ಸ್ ಕಟ್ಟಿದ್ದರೆ ಮಾತ್ರವಂತೆ. ಬೇಸಾಯ ಅಂತ ಬರೆದರೆ ನೋಡದೆಯೇ ವಾಪಸ್ ಕಳಿಸುತ್ತಾರಂತೆ. ಈ ‘ಅಂತೆ’ಗಳ ನಡುವೆ ನಮ್ಮ ಮನೆಯವರೂ ಸಿಕ್ಕಿಕೊಂಡರು. 2025ರಲ್ಲಿ ಒಮ್ಮೆ ವೀಸಾ ನಿರಾಕರಣೆಯಾಗಿ, ನಾಲ್ಕು ತಿಂಗಳ ಬಳಿಕ ಅದೇ ಮನೆ, ಅದೇ ಜಮೀನು, ಅದೇ ಆದಾಯ ತೋರಿಸಿ ಅಮ್ಮನಿಗೆ ವೀಸಾ ಸಿಕ್ಕಿತು. ನಡುವೆ ಬದಲಾಗಿದ್ದು ಕಾಗದಗಳನ್ನು ಜೋಡಿಸಿದ ರೀತಿ. ಅದನ್ನು ವಿವರವಾಗಿ ಬರೆದಿಟ್ಟರೆ ಬೇರೆ ಯಾರಿಗಾದರೂ ಉಪಯೋಗವಾಗಬಹುದು ಅಂತ ಈ ಬರಹ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಊರು. ನಾಲ್ಕೂವರೆ ಎಕರೆ ತೆಂಗಿನ ತೋಟ, ಎರಡು ಸೀಮೆ ಹಸು. ಅಕ್ಕ ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೋದವಳು, ಈಗ ಲೆಸ್ಟರ್ ನಗರದಲ್ಲಿ ಕೆಲಸ ಮಾಡುತ್ತಾಳೆ. ಭಾವನೂ ಅಲ್ಲೇ ಇದ್ದಾರೆ. ಅಕ್ಕನಿಗೆ ಏಪ್ರಿಲ್‌ನಲ್ಲಿ ಹೆರಿಗೆ ಅಂತ ಗೊತ್ತಾದಾಗ ಅಪ್ಪ ಅಮ್ಮ ಇಬ್ಬರೂ ಹೋಗುವುದು ಅಂತ ತೀರ್ಮಾನವಾಯಿತು. ಚೊಚ್ಚಲ ಹೆರಿಗೆ, ತವರಿನವರು ಇಲ್ಲದೆ ಬಾಣಂತನ ಹೇಗೆ? ಅಮ್ಮ ಡಿಸೆಂಬರ್‌ನಲ್ಲೇ ಮೆಂತ್ಯ, ಒಣಶುಂಠಿ, ಅಂಟು ಎಲ್ಲ ತೆಗೆದಿಟ್ಟುಕೊಂಡಿದ್ದರು.

ಅರ್ಜಿಯ ಕೆಲಸವನ್ನು ಭಾವನ ಕಡೆಯವರು ಹೇಳಿದ ಬೆಂಗಳೂರಿನ ಒಬ್ಬ ಏಜೆಂಟರಿಗೆ ಒಪ್ಪಿಸಲಾಯಿತು. ಇಬ್ಬರಿಗೂ ಸೇರಿ ಹದಿನೆಂಟು ಸಾವಿರ ಅವರ ಫೀಸು. ವೀಸಾ ಶುಲ್ಕ ಬೇರೆ, ಆಗ ಒಬ್ಬರಿಗೆ 115 ಪೌಂಡ್. ಫೆಬ್ರವರಿಯಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೋ ಕೊಟ್ಟು ಬಂದರು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಅಪ್ಪನಿಗೆ ಅದೇ ಆಶ್ಚರ್ಯ. "ಎರಡು ಮಾತು ಕೇಳಿದ್ರೆ ಹೇಳ್ತಿದ್ದೆ ಕಣವ್ವ, ಏನೂ ಕೇಳ್ನಿಲ್ಲ" ಅಂದರು. ಅಮೆರಿಕದ ವೀಸಾಕ್ಕೆ ಸಾಮಾನ್ಯವಾಗಿ ಕಿಟಕಿಯ ಮುಂದೆ ನಿಂತು ಉತ್ತರ ಕೊಡಬೇಕು. ಬ್ರಿಟನ್ನಿನ ವಿಸಿಟರ್ ವೀಸಾ ಬಹುಪಾಲು ಕಾಗದದ ಮೇಲೆಯೇ ತೀರ್ಮಾನವಾಗುತ್ತದೆ. ಬೆರಳಚ್ಚು ತೆಗೆದುಕೊಳ್ಳುವವರಿಗೂ ತೀರ್ಮಾನಕ್ಕೂ ಸಂಬಂಧವಿಲ್ಲ. ತೀರ್ಮಾನಿಸುವ ಅಧಿಕಾರಿ ನಮ್ಮನ್ನು ನೋಡುವುದೇ ಇಲ್ಲ. ನೋಡುವುದು ಫೈಲನ್ನು ಮಾತ್ರ.

ಮಾರ್ಚ್ ಎರಡನೇ ವಾರ ಇಬ್ಬರ ಪಾಸ್‌ಪೋರ್ಟೂ ವಾಪಸ್ ಬಂದವು. ವೀಸಾ ಇರಲಿಲ್ಲ, ಇಬ್ಬರಿಗೂ ಒಂದೊಂದು ಪತ್ರ ಇತ್ತು.

ಆ ಪತ್ರವನ್ನು ನಾನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಸಾರಾಂಶ ಇಷ್ಟು. ಅರ್ಜಿ ಹಾಕುವ ಮೂರು ವಾರ ಮುಂಚೆ ನಿಮ್ಮ ಖಾತೆಗೆ ಮೂರು ಲಕ್ಷ ಚಿಲ್ಲರೆ ಒಮ್ಮೆಲೇ ಜಮೆಯಾಗಿದೆ. ಅದಕ್ಕೆ ಮುಂಚೆ ಅದರಲ್ಲಿ ಇಷ್ಟು ಹಣ ಇದ್ದದ್ದು ಕಾಣುವುದಿಲ್ಲ. ಈ ಹಣ ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ ಇಲ್ಲ. ನಿಮ್ಮ ವರ್ಷದ ಆದಾಯ ನಲವತ್ತು ಸಾವಿರ ಎಂಬ ಪ್ರಮಾಣಪತ್ರ ಕೊಟ್ಟಿದ್ದೀರಿ, ಅದಕ್ಕೂ ಇದಕ್ಕೂ ಹೊಂದುವುದಿಲ್ಲ. ನಿಮ್ಮ ಹೆಂಡತಿಗೆ ಆದಾಯವಿಲ್ಲ. ಆರು ತಿಂಗಳು ಇರುತ್ತೇವೆ ಅಂದಿದ್ದೀರಿ, ಮಗುವನ್ನು ನೋಡಿಕೊಳ್ಳಲು ಅಂದಿದ್ದೀರಿ. ಭೇಟಿ ಮುಗಿದ ಮೇಲೆ ನೀವು ದೇಶ ಬಿಟ್ಟು ಹೊರಡುತ್ತೀರಿ ಎಂದು ನನಗೆ ಮನವರಿಕೆಯಾಗಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಬ್ಬರಿ ದುಡ್ಡನ್ನ ಕದ್ದ ದುಡ್ಡು ಅಂದವ್ರೆ ಅನ್ನು" ಅಂದರು.

ಅಧಿಕಾರಿ ಹಾಗೆ ಅಂದಿರಲಿಲ್ಲ. ಎಲ್ಲಿಂದ ಬಂತು ಗೊತ್ತಾಗಲಿಲ್ಲ ಅಂದಿದ್ದರು, ಅಷ್ಟೇ. ನಾನು ಫೈಲನ್ನು ಪೂರ್ತಿ ತಿರುವಿ ಹಾಕಿದೆ. ನಮ್ಮೂರು ಗೊತ್ತಿಲ್ಲದ ಯಾರಿಗೇ ಆದರೂ ಅದರಿಂದ ಗೊತ್ತಾಗುವಂತಿರಲಿಲ್ಲ. ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಆರು ತಿಂಗಳದ್ದು, ಕನ್ನಡದಲ್ಲೇ ಇದ್ದ ಪಹಣಿ, ಅಕ್ಕನ ಮದುವೆಯ ಫೋಟೋಗಳು, ಬುಕ್ ಮಾಡಿ ಆಮೇಲೆ ರದ್ದು ಮಾಡುವ ವಿಮಾನ ಟಿಕೆಟ್, ಹೋಟೆಲ್ ಬುಕಿಂಗ್, ಟ್ರಾವೆಲ್ ಇನ್ಶೂರೆನ್ಸ್, ನೋಟರಿ ಅಫಿಡವಿಟ್‌ಗಳು, ನನ್ನ ವಿದ್ಯಾರ್ಥಿವೇತನಕ್ಕೆಂದು ಬರಗಾಲದ ವರ್ಷ ಮಾಡಿಸಿದ್ದ ಹಳೇ ಆದಾಯ ಪ್ರಮಾಣಪತ್ರ. ದಪ್ಪ ಫೈಲು. ಏಜೆಂಟರ ಪತ್ರ ಆರೇ ಸಾಲು. ಅದರಲ್ಲಿ ಕೊಬ್ಬರಿ ಎಂಬ ಪದವೇ ಇರಲಿಲ್ಲ.

ಈ ತೀರ್ಮಾನದ ವಿರುದ್ಧ ಮೇಲ್ಮನವಿ ಇಲ್ಲ. ಕುಟುಂಬದವರನ್ನು ನೋಡಲು ಹೋಗುವವರಿಗೆ ಮೊದಲು ಪೂರ್ಣ ಮೇಲ್ಮನವಿಯ ಹಕ್ಕಿತ್ತು, 2013ರ ಜೂನ್‌ನಲ್ಲಿ ಬ್ರಿಟನ್ ಅದನ್ನು ತೆಗೆದುಹಾಕಿತು. ಕೋರ್ಟಿಗೆ ಹೋಗುವ ದಾರಿ ಇದೆ, ಅದು ನಮ್ಮಂಥವರ ಕೈಗೆಟುಕುವುದಲ್ಲ. ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ. ಉಳಿದದ್ದು ಹೊಸ ಅರ್ಜಿ. ಎಷ್ಟು ದಿನ ಕಾಯಬೇಕು ಅಂತ ನಿಯಮವಿಲ್ಲ, ಮರುದಿನವೇ ಹಾಕಬಹುದು. ಆದರೆ ಹಿಂದೆ ನಿರಾಕರಣೆಯಾಗಿದೆಯೇ ಎಂದು ಫಾರಂನಲ್ಲಿ ಕೇಳುತ್ತಾರೆ. ಅಲ್ಲಿ ನಿಜ ಹೇಳಲೇಬೇಕು. ಮೋಸ ಮಾಡಿದ್ದು ಸಾಬೀತಾದರೆ ಹತ್ತು ವರ್ಷದವರೆಗೆ ಬಾಗಿಲು ಮುಚ್ಚಬಹುದು.

ಏಜೆಂಟರಿಗೆ ಫೋನ್ ಮಾಡಿದರೆ ಅವರ ಬಳಿ ಪರಿಹಾರ ಸಿದ್ಧವಾಗಿತ್ತು. ಎಂಟು ಲಕ್ಷ ಕೈಗಡ ಕೊಡುವವರು ಇದ್ದಾರೆ, ಮೂರು ತಿಂಗಳು ಖಾತೆಯಲ್ಲಿಟ್ಟು ಬಡ್ಡಿ ಕೊಟ್ಟರೆ ಸಾಕು ಅಂದರು. ಅಪ್ಪ ಆ ಮಾತನ್ನು ಮುಂದುವರಿಸಲು ಬಿಡಲಿಲ್ಲ. "ನಮ್ಮದೇ ದುಡ್ಡನ್ನ ನಂಬ್ದೋರು, ಬ್ಯಾರೆಯವ್ರ ದುಡ್ಡು ಇಟ್ರೆ ನಂಬ್ತಾರಾ?" ಅಂತ ಕೇಳಿದರು. ಈ ಇಡೀ ವ್ಯವಹಾರದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು.

ಅಲ್ಲಿಂದ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲೇ ಇರುವ ನಿಯಮ ಓದಿದೆ. ‘ಅಪೆಂಡಿಕ್ಸ್ ವಿಸಿಟರ್’ ಎಂದು ಕರೆಯುವ ಆ ನಿಯಮದಲ್ಲಿ ವಿ 4.2 ಎನ್ನುವುದೇ ಹೃದಯಭಾಗ. ಅರ್ಜಿದಾರ ನಿಜವಾದ ಭೇಟಿಗಾರ ಎಂದು ಅಧಿಕಾರಿಗೆ ಒಪ್ಪಿಗೆಯಾಗಬೇಕು. ಅಂದರೆ ಭೇಟಿ ಮುಗಿದ ಮೇಲೆ ಹೊರಡುವವನಾಗಿರಬೇಕು, ಮತ್ತೆ ಮತ್ತೆ ಹೋಗಿ ಅಲ್ಲೇ ನೆಲೆಸುವವನಾಗಿರಬಾರದು, ಹೇಳಿದ ಕಾರಣಕ್ಕೇ ಹೋಗುತ್ತಿರಬೇಕು, ನಿಷೇಧಿಸಿದ ಕೆಲಸ ಮಾಡಬಾರದು, ಖರ್ಚಿಗೆ ಸಾಕಷ್ಟು ಹಣ ಇರಬೇಕು. ಇದರಲ್ಲಿ ಹತ್ತು ಲಕ್ಷದ ಮಾತಿಲ್ಲ. ಖಾತೆಯಲ್ಲಿ ಇಷ್ಟೇ ಇರಬೇಕು ಎಂಬ ಮೊತ್ತವೇ ಇಲ್ಲ. ಖರ್ಚನ್ನು ಅಲ್ಲಿರುವ ಮಗಳು ನೋಡಿಕೊಳ್ಳಬಹುದು ಎಂದು ಮುಂದಿನ ನಿಯಮವೇ ಹೇಳುತ್ತದೆ. ಅವಳಿಂದ ಅದು ಸಾಧ್ಯ ಎಂದು ತೋರಿಸಬೇಕು.

ಅದೇ ವೆಬ್‌ಸೈಟಿನಲ್ಲಿ ಯಾವ ದಾಖಲೆ ಕೊಡಬೇಕು ಎಂಬ ಮಾರ್ಗದರ್ಶಿ ಇದೆ. ಯಾವುದನ್ನು ಕಳಿಸುವ ಅಗತ್ಯವಿಲ್ಲ ಎಂಬ ಪಟ್ಟಿಯೂ ಅದರಲ್ಲಿದೆ. ಫೋಟೋಗಳು, ಹೋಟೆಲ್ ಬುಕಿಂಗ್, ವಿಮಾನ ಬುಕಿಂಗ್, ಟ್ರಾವೆಲ್ ಇನ್ಶೂರೆನ್ಸ್, ನೋಟರಿ ಪ್ರಮಾಣಪತ್ರ, ಓದಿನ ಸರ್ಟಿಫಿಕೇಟು, ಡ್ರೈವಿಂಗ್ ಲೈಸೆನ್ಸ್, ಕರೆಸಿಕೊಳ್ಳುವವರ ಕರೆಂಟು, ನೀರಿನ ಬಿಲ್ಲುಗಳು. ನಮ್ಮ ಫೈಲಿನ ಅರ್ಧ ಭಾಗ ಆ ಪಟ್ಟಿಯಲ್ಲಿತ್ತು. ಅಧಿಕಾರಿಗೆ ಬೇಕಾದ್ದು ಇರಲಿಲ್ಲ, ಬೇಡವಾದದ್ದು ತುಂಬಿತ್ತು.

ಇನ್ನು ಒಂದೊಂದೇ ತೊಡಕಿಗೆ ಬರುತ್ತೇನೆ.

ಮೊದಲನೆಯದು ಆ ಮೂರು ಲಕ್ಷ. ತಿಪಟೂರಿನ ಸೀಮೆಯವರಿಗೆ ಇದರಲ್ಲಿ ರಹಸ್ಯವೇನೂ ಇಲ್ಲ. ಬಲಿತ ಕಾಯಿಯನ್ನು ಕೆಡವಿ, ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕುತ್ತೇವೆ. ಹತ್ತರಿಂದ ಹನ್ನೆರಡು ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. ಆಮೇಲೆ ಆಳು ಕರೆಸಿ ಸುಲಿಸಿ, ಚಿಪ್ಪು ಒಡೆಸಿ, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ಎಪಿಎಂಸಿಗೆ ಒಯ್ಯುತ್ತೇವೆ. ಧಾರಣೆ ನೋಡಿಕೊಂಡು ವರ್ಷಕ್ಕೆ ಒಮ್ಮೆ ಮಾರುತ್ತೇವೆ. ಆ ವರ್ಷ ಅಪ್ಪ ಜನವರಿಯಲ್ಲಿ ಇಪ್ಪತ್ತು ಕ್ವಿಂಟಾಲ್ ಮಾರಿದ್ದರು. ಅಂದರೆ ಖಾತೆಗೆ ಒಂದು ದಿನ ಬಂದದ್ದು ಒಂದು ವರ್ಷದ ಬೆಳೆ. ಆದರೆ ತಿಂಗಳ ಸಂಬಳದ ಲೆಕ್ಕ ನೋಡಿ ರೂಢಿಯಾದವರಿಗೆ, ಹನ್ನೊಂದು ತಿಂಗಳು ಬಡಕಲಾಗಿದ್ದ ಖಾತೆ ವೀಸಾ ಅರ್ಜಿಯ ಹೊತ್ತಿಗೆ ಇದ್ದಕ್ಕಿದ್ದಂತೆ ದಪ್ಪಗಾದರೆ ಕೈಗಡ ತಂದಿಟ್ಟ ಹಾಗೆಯೇ ಕಾಣುತ್ತದೆ. ನಿಜಕ್ಕೂ ಹಾಗೆ ತಂದಿಡುವವರೂ ಇದ್ದಾರಲ್ಲ!

ಇದಕ್ಕೆ ಆರು ತಿಂಗಳ ಸ್ಟೇಟ್‌ಮೆಂಟ್ ಸಾಲದು ಅನ್ನಿಸಿತು. ಬ್ಯಾಂಕಿಗೆ ಹೋಗಿ ಮೂರು ವರ್ಷದ ಸ್ಟೇಟ್‌ಮೆಂಟ್ ಹೊಸದಾಗಿ ತೆಗೆಸಿ, ಪ್ರತಿ ಪುಟಕ್ಕೂ ಸೀಲು ಹಾಕಿಸಿದೆ. ಮೂರು ವರ್ಷವೂ ಒಂದೇ ಆಕಾರ. ವರ್ಷಕ್ಕೊಮ್ಮೆ ದೊಡ್ಡ ಜಮೆ, ಆಮೇಲೆ ಗೊಬ್ಬರ, ಕೂಲಿ, ಬೆಳೆಸಾಲದ ಕಂತು, ಮನೆ ಖರ್ಚು ಅಂತ ನಿಧಾನವಾಗಿ ಇಳಿಯುತ್ತ ಹೋಗುವುದು. ಮಂಡಿಯಲ್ಲಿ ಕೊಟ್ಟ ಪಟ್ಟಿಗಳನ್ನು ಅಪ್ಪ ಪಂಚಾಂಗದೊಳಗೆ ಮಡಚಿಟ್ಟಿದ್ದರು. ಎರಡು ವರ್ಷದ್ದು ಸಿಕ್ಕಿತು, ಮೂರನೆಯದರ ನಕಲನ್ನು ಮಂಡಿಯವರೇ ತೆಗೆದುಕೊಟ್ಟರು. ಪಟ್ಟಿಯಲ್ಲಿ ತೂಕ, ಧಾರಣೆ, ಕಡಿತ, ನಿವ್ವಳ ಮೊತ್ತ ಇರುತ್ತದೆ. ಆ ನಿವ್ವಳ ಮೊತ್ತವೂ ಬ್ಯಾಂಕಿನ ಜಮೆಯೂ ರೂಪಾಯಿಗೆ ರೂಪಾಯಿ ತಾಳೆಯಾದವು. ಎರಡರಲ್ಲೂ ಆ ಸಾಲಿನ ಪಕ್ಕ ಒಂದೇ ನಂಬರು ಬರೆದೆ. ಪತ್ರದಲ್ಲಿ ಕೊಬ್ಬರಿ ಹೇಗೆ ಆಗುತ್ತದೆ ಅಂತ ಐದು ಸಾಲು ಬರೆದೆ.

ಎರಡನೆಯದು ತೆರಿಗೆ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾಗಿ ಅಪ್ಪ ರಿಟರ್ನ್ಸ್ ಸಲ್ಲಿಸಿದವರಲ್ಲ. ಏಜೆಂಟರು ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಖಾಲಿ ಜಾಗ ನೋಡಿದವರು ಏನನ್ನೋ ಮುಚ್ಚಿಟ್ಟಿದ್ದಾರೆ ಅಂದುಕೊಳ್ಳುವುದು ಸಹಜ. ಒಂದು ಸಾಲಿನಲ್ಲಿ ಕಾರಣ ಬರೆದರೆ ಮುಗಿಯುವ ವಿಷಯ.

ಮೂರನೆಯದು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಪಡೆಯುವ ಈ ಪತ್ರ ನಮ್ಮಲ್ಲಿ ಎಲ್ಲದಕ್ಕೂ ಬೇಕು, ಹಾಗಾಗಿ ಎಲ್ಲ ಫೈಲಿಗೂ ಅದನ್ನು ಸೇರಿಸುವ ಅಭ್ಯಾಸ. ಆದರೆ ಯಾವುದೋ ವರ್ಷ ಯಾವುದಕ್ಕೋ ಮಾಡಿಸಿದ ಪತ್ರ ಇವತ್ತಿನ ಬ್ಯಾಂಕ್ ಲೆಕ್ಕದ ಪಕ್ಕ ಕುಳಿತರೆ ಎರಡೂ ಸುಳ್ಳು ಅನ್ನಿಸುತ್ತವೆ. ಹೊಸದಾಗಿ ಅರ್ಜಿ ಕೊಟ್ಟು, ಈಗಿನ ಆದಾಯ ಹೇಳಿ, ಹೊಸ ಪತ್ರ ಪಡೆದೆವು.

ನಾಲ್ಕನೆಯದು ಪಹಣಿ. ಎರಡೂವರೆ ಎಕರೆ ಅಪ್ಪನ ಹೆಸರಿನಲ್ಲಿದೆ. ಉಳಿದ ಎರಡು ಎಕರೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ಇದು ಎಷ್ಟು ಮನೆಗಳ ಕಥೆ ಅಂತ ನಿಮಗೆ ಗೊತ್ತು. ಸತ್ತವರ ಹೆಸರಿನ ಜಮೀನಿನ ಪಹಣಿಯನ್ನು ವಿವರಣೆಯಿಲ್ಲದೆ ಲಗತ್ತಿಸಿದರೆ ಓದುವವರಿಗೆ ಅದು ಯಾರದೋ ಜಮೀನು. ವಂಶವೃಕ್ಷದ ಪ್ರಮಾಣಪತ್ರ ಮಾಡಿಸಿ, ತಾತನಿಂದ ಅಪ್ಪನಿಗೆ, ಅಪ್ಪನಿಂದ ಅಕ್ಕನಿಗೆ ಗೆರೆ ಎಳೆದು ತೋರಿಸಿದೆವು. ಒಂದು ಸರ್ವೆ ನಂಬರಿನ 12ನೇ ಕಾಲಂನಲ್ಲಿ ಬೆಳೆ ರಾಗಿ ಅಂತ ಇತ್ತು. ಅಲ್ಲಿ ತೆಂಗು ಹಾಕಿ ಇಪ್ಪತ್ತು ವರ್ಷವಾಗಿದೆ! ಬೆಳೆ ಸಮೀಕ್ಷೆಯ ಮಾಹಿತಿಯಲ್ಲಿ ತೆಂಗು ಅಂತಲೇ ಇತ್ತು, ಅದನ್ನೂ ತೆಗೆದು ಜೊತೆಗಿಟ್ಟೆವು.

ಐದನೆಯದು ಅನುವಾದ. ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿಲ್ಲದ ಪ್ರತಿ ದಾಖಲೆಗೂ ಅನುವಾದ ಬೇಕು. ಇದು ಮೂಲದ ನಿಖರ ಅನುವಾದ ಎಂಬ ಮಾತು, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಅದರಲ್ಲಿರಬೇಕು. ತುಮಕೂರಿನಲ್ಲಿ ಮಾಡಿಸಿದೆವು. ಮೊದಲ ಕರಡಿನಲ್ಲಿ ತಾತನ ಹೆಸರಿಗೆ ಮುಂಚಿನ ‘ಬಿನ್’ ಅಪ್ಪನ ಹೆಸರಿನ ಭಾಗವಾಗಿತ್ತು. ಅಜ್ಜಿಯ ಹೆಸರಿನ ಪಕ್ಕದ ‘ಕೋಂ’ ಕೂಡ ಹಾಗೆಯೇ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ ಅಂತ ಕಂದಾಯ ದಾಖಲೆ ನೋಡಿ ಬೆಳೆದ ನಮಗೆ ಗೊತ್ತು. ಪಾಸ್‌ಪೋರ್ಟಿನಲ್ಲಿ ಇಲ್ಲದ ಒಂದು ಪದ ಪಹಣಿಯಲ್ಲಿ ಹೆಸರಾಗಿ ಕಾಣಿಸಿಕೊಂಡರೆ ಇವರೇ ಅವರು ಅಂತ ಹೇಗೆ ಹೇಳುವುದು? ಕೂತು ತಿದ್ದಿಸಿದೆ. ಗುಂಟೆಯ ಲೆಕ್ಕವನ್ನೂ ಕೆಳಗೆ ಬರೆಸಿದೆ: 40 ಗುಂಟೆ ಒಂದು ಎಕರೆ.

ಆರನೆಯದು ಅಮ್ಮನ ಹೆಸರು. ಅಮ್ಮನ ಪಾಸ್‌ಪೋರ್ಟ್, ಆಧಾರ್‌ನಲ್ಲಿ ಹೆಸರು ‘ಅಮ್ಮ’ ಅಂತ ಮುಗಿಯುತ್ತದೆ. ಅಕ್ಕನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ‘ಅಂಬಿಕೆ’ ಅಂತ ಮುಗಿಯುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಚೆನ್ನಾಗಿರಲಿ ಅಂತ ಹಾಗೆ ಬರೆದರಂತೆ, ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗಿ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಯಿತು. ಕಾಗದದ ಪ್ರಕಾರ ನಮ್ಮ ಅಮ್ಮ ಅಕ್ಕನ ತಾಯಿ ಹೌದೋ ಅಲ್ಲವೋ ಎಂಬಂತಾಗಿತ್ತು. ಮೊದಲ ಸಲ ನೋಟರಿ ಅಫಿಡವಿಟ್ ಇಟ್ಟಿದ್ದರು. ಅದು ನಮ್ಮ ಮಾತನ್ನು ನಾವೇ ಛಾಪಾ ಕಾಗದದ ಮೇಲೆ ಹೇಳಿದ ಹಾಗೆ. ಈ ಸಲ ವಂಶವೃಕ್ಷಕ್ಕೆ ಅರ್ಜಿ ಕೊಡುವಾಗಲೇ ಗ್ರಾಮ ಆಡಳಿತಾಧಿಕಾರಿಗೆ ಎರಡೂ ದಾಖಲೆ ತೋರಿಸಿ, ‘ಉರುಫ್’ ಹಾಕಿ ಎರಡೂ ಹೆಸರು ಬರುವಂತೆ ಮಾಡಿಸಿಕೊಂಡೆವು.

ಏಳನೆಯದು ಬಾಣಂತನ ಎಂಬ ಪದ. ಇದಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲ. ಏಜೆಂಟರು ಮಗುವನ್ನು ನೋಡಿಕೊಳ್ಳಲು ಅಂತ ಬರೆದಿದ್ದರು, ಜೊತೆಗೆ ಆರು ತಿಂಗಳು. ವಿಸಿಟರ್ ವೀಸಾದಲ್ಲಿ ಗರಿಷ್ಠ ಆರು ತಿಂಗಳು ಇರಬಹುದು ಅಂದ ಮಾತ್ರಕ್ಕೆ ಅಷ್ಟೂ ಕೇಳಬೇಕೆಂದಿಲ್ಲ. ಅಲ್ಲಿನ ಮಾರ್ಗದರ್ಶಿಯ ಪ್ರಕಾರ ಅಜ್ಜಿಯೊಬ್ಬಳು ಸ್ವಲ್ಪ ಕಾಲಕ್ಕೆ ಬಂದು ಮೊಮ್ಮಗುವನ್ನು ನೋಡಿಕೊಳ್ಳಬಹುದು, ಆದರೆ ಅದು ಮಗು ನೋಡಿಕೊಳ್ಳುವ ಉದ್ಯೋಗದಂತೆ ಆಗಬಾರದು. ಮಗು ನೋಡಿಕೊಳ್ಳಲು ಆರು ತಿಂಗಳು ಅಂದರೆ ಕೆಲಸದಾಕೆಯ ಜಾಗಕ್ಕೆ ಅಮ್ಮನನ್ನು ಕರೆಸಿಕೊಳ್ಳುತ್ತಿದ್ದಾರೆ ಅಂತಲೇ ಓದಿಕೊಳ್ಳಬಹುದು. ನಮ್ಮ ಕಡೆ ಮಗಳ ಹೆರಿಗೆಗೆ ತಾಯಿ ಹೋಗುವುದು ಪದ್ಧತಿ, ಅದು ವಾರಗಳ ಲೆಕ್ಕದ್ದು, ಅಕ್ಕ ಸ್ವತಃ ಹೆರಿಗೆ ರಜೆಯಲ್ಲಿ ಮನೆಯಲ್ಲೇ ಇದ್ದಾಳೆ ಅಂತ ಎರಡನೇ ಸಲ ಬಿಡಿಸಿ ಬರೆದೆವು.

ಎಂಟನೆಯದನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಫೈಲನ್ನು ತಿರುಗಿಸಿದ್ದು ಅದೇ.

ಅಮ್ಮನ ಅರ್ಜಿಯಲ್ಲಿ ಉದ್ಯೋಗ: ಗೃಹಿಣಿ, ಆದಾಯ: ಇಲ್ಲ ಅಂತ ಇತ್ತು. ನಾನು ಅಮ್ಮನ ಹತ್ತಿರ ಕೂತು ನಿನ್ನ ಹೆಸರಿನಲ್ಲಿ ಏನೇನಿದೆ ಹೇಳು ಅಂದೆ. "ನಂದೇನೈತೆ ತೋರ್ಸೋಕೆ, ಮನೇಲಿರೋಳು ನಾನು" ಅಂದರು. ಅಷ್ಟು ಹೇಳಿ ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟರು. ಸಂಜೆ ಹಾಲು ಹಾಕುವ ಹೊತ್ತಾಗಿತ್ತು.

ಹಾಲು ಉತ್ಪಾದಕರ ಸಂಘದಲ್ಲಿ ಸದಸ್ಯತ್ವ ಇರುವುದು ಅಮ್ಮನ ಹೆಸರಿನಲ್ಲಿ. ಬೆಳಿಗ್ಗೆ ಸಂಜೆ ಹಾಕಿದ ಹಾಲಿಗೆ ಲೀಟರು, ಫ್ಯಾಟು ನಮೂದಾಗುತ್ತದೆ. ಫೀಡಿನ ದುಡ್ಡು ಹಿಡಿದುಕೊಂಡು ಹದಿನೈದು ದಿನಕ್ಕೊಮ್ಮೆ ಬಟವಾಡೆ ಅಮ್ಮನ ಖಾತೆಗೆ ಬರುತ್ತದೆ. ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವೂ ಅದೇ ಖಾತೆಗೆ. ತಿಂಗಳಿಗೆ ಒಂಬತ್ತು ಹತ್ತು ಸಾವಿರ. ಬ್ಯಾಂಕಿನಲ್ಲಿ ಎಂಟ್ರಿ ಹಾಕಿಸಿ ನೋಡಿದರೆ ಒಂದು ತಿಂಗಳೂ ತಪ್ಪಿಲ್ಲ. ಇಡೀ ಮನೆಯಲ್ಲಿ ತಿಂಗಳು ತಿಂಗಳು ಬರುವ, ದಾಖಲೆಯಿರುವ, ಯಾವ ವಿವರಣೆಯೂ ಬೇಕಿಲ್ಲದ ಆದಾಯ ಯಾರದಾದರೂ ಇದ್ದರೆ ಅದು ಅಮ್ಮನದು. ಅವರನ್ನೇ ಆದಾಯವಿಲ್ಲದವರು ಅಂತ ಬರೆಯಲಾಗಿತ್ತು. ಹಾಗೆ ಬರೆಯುವಾಗ ಅಮ್ಮನನ್ನು ಯಾರೂ ಕೇಳಿರಲಿಲ್ಲ.

ಆ ಪಾಸ್‌ಬುಕ್ಕಿಗೂ ಒಂದು ವಿವರಣೆ ಬೇಕಾಯಿತು. ಅದರ ರಟ್ಟಿನ ಮೇಲೆ ಕಾವೇರಿ ಗ್ರಾಮೀಣ ಬ್ಯಾಂಕ್ ಅಂತಿದೆ. 2019ರಲ್ಲಿ ಅದು ಪ್ರಗತಿ ಕೃಷ್ಣಾದೊಂದಿಗೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಖಾತೆ ಒಂದೇ, ಹೆಸರು ಬೇರೆ ಬೇರೆ. ಪಾಸ್‌ಬುಕ್ಕಿನ ಜೆರಾಕ್ಸ್ ಬಿಟ್ಟು ಹೊಸ ಹೆಸರಿನ ಸೀಲಿರುವ ಸ್ಟೇಟ್‌ಮೆಂಟ್ ಪಡೆದೆವು. ಸಂಘದ ಕಾರ್ಯದರ್ಶಿ ಒಂದು ಪತ್ರ ಬರೆದುಕೊಟ್ಟರು: ಇವರು ಇಂಥ ವರ್ಷದಿಂದ ಸದಸ್ಯರು, ಎರಡು ಹಸು, ದಿನಕ್ಕೆ ಸರಾಸರಿ ಇಷ್ಟು ಲೀಟರು.

ಊರಿಗೆ ವಾಪಸ್ ಬರುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣಲಿಲ್ಲ. ಎರಡು ಹಸು ಕಟ್ಟಿದವರು ಎರಡು ದಿನದ ಮಟ್ಟಿಗೆ ನೆಂಟರ ಮನೆಗೆ ಹೋಗುವುದೇ ಕಷ್ಟ. ಅಮ್ಮ ಇಲ್ಲದಾಗ ಹಾಲು ಕರೆಯುವವರು ಯಾರು, ಎಷ್ಟು ದಿನ ಅನ್ನುವುದನ್ನೂ ಬರೆದೆವು: ಚಿಕ್ಕಮ್ಮ, ಎಂಟು ವಾರ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ, ಅವರ ಆಧಾರ್ ಇಟ್ಟೆವು. ಮತ್ತು ಈ ಸಲ ಅರ್ಜಿ ಹಾಕಿದ್ದು ಅಮ್ಮನದು ಮಾತ್ರ. ಅಪ್ಪ ತಾವಾಗಿಯೇ ಹಿಂದೆ ಸರಿದರು. "ಕಾಯಿ ಕೆಡವ್ಸೋ ಟೈಮು, ನಾನ್ ಹೋಗಿ ಅಲ್ಲೇನ್ ಮಾಡ್ಲಿ. ನೀನ್ ಹೋಗ್ಬಾ" ಅಂದರು. ಅವರಿಗೆ ಎಷ್ಟು ಆಸೆಯಿತ್ತು ಅಂತ ನಮಗೆಲ್ಲ ಗೊತ್ತಿತ್ತು.

ಅಕ್ಕನ ಕಡೆಯ ಕಾಗದಗಳು ಸುಲಭ. ಅವಳ ವೀಸಾ ಸ್ಥಿತಿ ತೋರಿಸಲು ಆನ್‌ಲೈನಿನಲ್ಲಿ ಸಿಗುವ ಶೇರ್ ಕೋಡ್, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿಗಳು. ಶೇರ್ ಕೋಡಿಗೆ 90 ದಿನದ ಅವಧಿ, ಹಾಗಾಗಿ ಅರ್ಜಿ ಹಾಕುವ ವಾರವೇ ತೆಗೆಯುವುದು ಒಳ್ಳೆಯದು. ಹೆರಿಗೆ ರಜೆಯಿಂದ ಅವಳ ಸಂಬಳ ಇಳಿದಿತ್ತು. ಅದನ್ನೂ ಹೇಳಿ, ರಜೆಗೆ ಮುಂಚಿನ ಚೀಟಿಗಳನ್ನೂ ಭಾವನ ಸಂಬಳದ ಚೀಟಿಗಳನ್ನೂ ಇಟ್ಟೆವು.

ಎಲ್ಲದರ ಮೇಲೆ ಎರಡು ಪುಟದ ಪತ್ರ. ಗ್ರಾಮೀಣ ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆಲ್ಲ ಹೇಳಿಕೊಟ್ಟದ್ದೇ ಇಲ್ಲಿ ಕೆಲಸಕ್ಕೆ ಬಂತು. ಓದುವವರಿಗೆ ನಿಮ್ಮೂರು ಗೊತ್ತಿಲ್ಲ ಅಂದುಕೊಂಡು ಬರೆಯಿರಿ, ಹೇಳಿದ ಪ್ರತಿ ಮಾತಿಗೂ ಆಧಾರ ಇರಲಿ. ಎಡಗಡೆ ನಾವು ಹೇಳುವ ಸಂಗತಿ, ಬಲಗಡೆ ಅದಕ್ಕೆ ದಾಖಲೆ ಮತ್ತು ಪುಟ ಸಂಖ್ಯೆ ಅಂತ ಒಂದು ಕೋಷ್ಟಕ ಮಾಡಿದೆ. ಮೊದಲ ಪ್ಯಾರಾದಲ್ಲೇ ಮಾರ್ಚ್‌ನ ನಿರಾಕರಣೆಯನ್ನು ಹೇಳಿ, ಅದರಲ್ಲಿದ್ದ ಒಂದೊಂದು ಕಾರಣಕ್ಕೂ ಉತ್ತರ ಯಾವ ಪುಟದಲ್ಲಿದೆ ಅಂತ ಬರೆದೆ. ಬೇಡಿಕೊಳ್ಳುವ ಮಾತು ಒಂದೂ ಇರಲಿಲ್ಲ. ಅಮ್ಮನ ಸಂಕಟದ ಬಗ್ಗೆ ಅಕ್ಕ ಒಂದು ಪ್ಯಾರಾ ಬರೆದು ಕಳಿಸಿದ್ದಳು. ಅದು ನಿಜವೇ ಆಗಿತ್ತು, ಆದರೆ ಅದರ ಬಲಗಡೆ ಇಡಲು ದಾಖಲೆ ಇರಲಿಲ್ಲ. ತೆಗೆದೆವು.

ಜೂನ್ ಕೊನೆಗೆ ಅರ್ಜಿ ಹಾಕಿದೆವು. ಏಪ್ರಿಲ್‌ನಿಂದ ಶುಲ್ಕ 127 ಪೌಂಡ್ ಆಗಿತ್ತು. ಮೂರು ವಾರ ತುಂಬುವ ಮುಂಚೆ ಪಾಸ್‌ಪೋರ್ಟ್ ಬಂತು. ಈ ಸಲ ಪತ್ರ ಇರಲಿಲ್ಲ, ವೀಸಾ ಇತ್ತು.

ಇದನ್ನು ಗೆದ್ದ ಕಥೆ ಅಂತ ಹೇಳಲಾರೆ. ಮಗು ಹುಟ್ಟಿದ್ದು ಏಪ್ರಿಲ್‌ನಲ್ಲಿ. ಅಮ್ಮ ಹೋದದ್ದು ಆಗಸ್ಟ್‌ನಲ್ಲಿ. ಆ ನಾಲ್ಕು ತಿಂಗಳು ಬಾಣಂತನ ನಡೆದದ್ದು ವಿಡಿಯೋ ಕಾಲ್‌ನಲ್ಲಿ. ಅಮ್ಮ ಇಲ್ಲಿಂದ ಹೇಳುವುದು, ಭಾವ ಅಲ್ಲಿ ಮಾಡುವುದು. ಮೆಂತ್ಯದ ಹಿಟ್ಟನ್ನು ಎಷ್ಟು ಹುರಿಯಬೇಕು ಅಂತ ತೋರಿಸಲು ಅಮ್ಮ ಬಾಣಲೆಯನ್ನೇ ಫೋನಿನ ಮುಂದೆ ಹಿಡಿಯುತ್ತಿದ್ದರು. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದನ್ನು ಫೋನಿನಲ್ಲಿ ಹೇಳಿಕೊಡಲು ಆಗಲಿಲ್ಲ, ಅಕ್ಕನಿಗೆ ಭಯವಾಗುತ್ತಿತ್ತು. ಅಮ್ಮ ಹೋದಾಗ ಮಗು ಆಗಲೇ ಮಗುಚಿಕೊಳ್ಳುತ್ತಿತ್ತು. ಎಂಟು ವಾರ ಇದ್ದು, ಹೇಳಿದ ದಿನಕ್ಕೆ ಸರಿಯಾಗಿ, ದೀಪಾವಳಿಗೆ ಮುಂಚೆ ಅಮ್ಮ ವಾಪಸ್ ಬಂದರು. ಬಂದವರೇ ಕೊಟ್ಟಿಗೆಗೆ ಹೋಗಿ, ಹಸು ಬಡವಾಗಿದೆ ಅಂತ ಚಿಕ್ಕಮ್ಮನ ಮೇಲೆ ಕೋಪ ಮಾಡಿಕೊಂಡರು.

ವೀಸಾ ಕೊಡುವುದು ಬಿಡುವುದು ಆ ದೇಶದವರ ತೀರ್ಮಾನ. ಎಷ್ಟೇ ಸರಿಯಾಗಿ ಜೋಡಿಸಿದರೂ ಸಿಗದೇ ಹೋಗಬಹುದು. ಆದರೆ ನಮ್ಮಲ್ಲಿ ಕಾಗದ ಇಲ್ಲ ಅನ್ನುವ ಮಾತನ್ನು ನಾನು ಈಗ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಪಂಚಾಂಗದಲ್ಲಿ, ಡೇರಿಯಲ್ಲಿ, ನಾಡಕಚೇರಿಯಲ್ಲಿ, ಮಂಡಿಯಲ್ಲಿ ಅದು ಚೆದುರಿಹೋಗಿರುತ್ತದೆ. ಅದನ್ನು ಹುಡುಕಲು ನಮಗೆ ಒಂದೂವರೆ ತಿಂಗಳು ಹಿಡಿಯಿತು. ಪ್ರಯಾಣಕ್ಕೆ ಮೂರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕಾಗದ ಹುಡುಕುವ ಕೆಲಸವನ್ನು ಅದಕ್ಕೂ ಎರಡು ತಿಂಗಳು ಮುಂಚೆ ಶುರು ಮಾಡಿದರೆ ನೆಮ್ಮದಿ. ಹೆರಿಗೆಯಂಥ ದಿನ ಗೊತ್ತಿರುವ ಕಾರಣವಿದ್ದರಂತೂ ಒಂದು ನಿರಾಕರಣೆಗೂ ಸಮಯ ಇಟ್ಟುಕೊಂಡು ಲೆಕ್ಕ ಹಾಕಿ.

ಈಗ ಊರಲ್ಲಿ ಯಾರಾದರೂ ವೀಸಾ ವಿಷಯ ಕೇಳಿಕೊಂಡು ಮನೆಗೆ ಬರುತ್ತಾರೆ. ಸಾಮಾನ್ಯವಾಗಿ ಗಂಡಸರು, ಪಹಣಿ ಹಿಡಿದುಕೊಂಡು ಬಂದಿರುತ್ತಾರೆ. ಪಹಣಿ ಆಮೇಲೆ ನೋಡೋಣ ಅಣ್ಣ, ಡೇರಿ ಖಾತೆ ಯಾರ ಹೆಸರಲ್ಲಿದೆ ಅಂತ ನಾನು ಮೊದಲು ಕೇಳುತ್ತೇನೆ.